ಕಾರು ತನ್ನ ಕಾಯಿಲೆ ಹೇಳಲು ಕಲಿತ ಬಗೆ

1958ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಕೆಲವು ದುಬಾರಿ ಕಾರುಗಳಿಗೆ ಹೊಸ ಸಾಧನವೊಂದನ್ನು ಅಳವಡಿಸಿತು. ಬೆಂಡಿಕ್ಸ್ ಸಂಸ್ಥೆ ರೂಪಿಸಿದ್ದ ಅದರ ಹೆಸರು ‘ಎಲೆಕ್ಟ್ರೊಜೆಕ್ಟರ್’. ಆಗಿನ ಹೆಚ್ಚಿನ ಕಾರುಗಳಲ್ಲಿ ಪೆಟ್ರೋಲು ಮತ್ತು ಗಾಳಿಯನ್ನು ಬೆರೆಸಿ ಎಂಜಿನ್ನಿಗೆ ಉಣಿಸುತ್ತಿದ್ದುದು ಕಾರ್ಬ್ಯುರೇಟರ್. ಗಾಳಿಯ ಸೆಳೆತಕ್ಕೆ ಪೆಟ್ರೋಲು ತಾನಾಗಿ ಮೇಲೆದ್ದು ಬರುವ, ಸ್ಕ್ರೂ ತಿರುಗಿಸಿ ಹದಗೊಳಿಸಬಹುದಾದ ಉಪಕರಣ ಅದು. ಹೊಸ ಸಾಧನದಲ್ಲಾದರೋ ವಿದ್ಯುನ್ಮಾನ ಪೆಟ್ಟಿಗೆಯೊಂದು ಎಷ್ಟು ಪೆಟ್ರೋಲು ಬೇಕೆಂದು ಲೆಕ್ಕ ಹಾಕುತ್ತಿತ್ತು. ವಿದ್ಯುತ್ತಿನಿಂದ ತೆರೆದು ಮುಚ್ಚುವ ಇಂಜೆಕ್ಟರುಗಳು ಅಷ್ಟನ್ನು ಚಿಮ್ಮಿಸುತ್ತಿದ್ದವು.

ಯೋಚನೆ ಸೊಗಸಾಗಿತ್ತು, ಕೆಲಸ ಮಾತ್ರ ನೆಟ್ಟಗಾಗಲಿಲ್ಲ. ಅಂದಿನ ವಿದ್ಯುನ್ಮಾನ ಬಿಡಿಭಾಗಗಳು ಎಂಜಿನ್ನಿನ ಬಿಸಿ, ಅದುರಾಟಗಳನ್ನು ತಾಳಲಿಲ್ಲ. ಸುಮಾರು 35 ಕಾರುಗಳಷ್ಟೇ ಹೀಗೆ ಹೊರಬಂದವು. ಅವುಗಳಲ್ಲಿ ಹೆಚ್ಚಿನವಕ್ಕೆ ಮತ್ತೆ ಕಾರ್ಬ್ಯುರೇಟರನ್ನೇ ಕೂರಿಸಬೇಕಾಯಿತು. ಈ ಸೋಲಿಗೆ ಬಿಡಿಭಾಗಗಳನ್ನು ದೂರುವುದು ವಾಡಿಕೆ. ಆದರೆ ರೋಗ ಪತ್ತೆಯ ಕಷ್ಟವೂ ಅಷ್ಟೇ ದೊಡ್ಡದಿತ್ತೆಂದು ತೋರುತ್ತದೆ. ಕಾರ್ಬ್ಯುರೇಟರಿನಲ್ಲಿ ಕಸ ಸಿಕ್ಕಿದರೆ ಬಿಚ್ಚಿ ನೋಡಬಹುದು, ಪೆಟ್ರೋಲು ಉಕ್ಕಿದರೆ ಮೂಗಿಗೆ ಬಡಿಯುತ್ತದೆ. ರಬ್ಬರಿನ ಹೊದಿಕೆಯೊಳಗೆ ತಂತಿ ತುಂಡಾದರೆ ಹೊರಗೆ ಏನು ಕಂಡೀತು?

ಬೆಂಡಿಕ್ಸಿನ ಪೇಟೆಂಟುಗಳನ್ನು ಬಳಸುವ ಹಕ್ಕನ್ನು ಮುಂದೆ ಜರ್ಮನಿಯ ಬಾಷ್ ಕಂಪನಿ ಪಡೆಯಿತು. ಬೆಂಗಳೂರಿನಲ್ಲಿ ‘ಮೈಕೊ’ ಎಂದೇ ಮನೆಮಾತಾದ ಕಾರ್ಖಾನೆಯ ಹಿಂದಿದ್ದುದೂ ಇದೇ ಬಾಷ್. ಅದು 1967ರಲ್ಲಿ ಹೊರತಂದ ‘ಡಿ-ಜೆಟ್ರಾನಿಕ್’ ವ್ಯವಸ್ಥೆ ಅಮೆರಿಕಕ್ಕೆ ಹೋಗುವ ಫೋಕ್ಸ್‌ವ್ಯಾಗನ್ 1600 ಕಾರುಗಳನ್ನು ಸೇರಿತು. ಹೊಗೆಯ ಬಗ್ಗೆ ಅಲ್ಲಿನ ಕಾನೂನು ಬಿಗಿಯಾಗತೊಡಗಿದ್ದ ಕಾಲವದು. ಈ ಬಾರಿ ವ್ಯವಸ್ಥೆ ನಿಂತಿತು. ಆದರೆ ಕೆಟ್ಟಾಗ ಅದೂ ಮೂಕವೇ.

ಒಂದು ಉದಾಹರಣೆ ನೋಡೋಣ. ಎಂಜಿನ್ ಎಷ್ಟು ಕಾದಿದೆ ಎಂದು ಪೆಟ್ಟಿಗೆಗೆ ತಿಳಿಸಲು ಒಂದು ಸೆನ್ಸರ್ ಇರುತ್ತದೆ. ತಣ್ಣಗಿರುವಾಗ ಅದು ವಿದ್ಯುತ್ತಿಗೆ ಒಡ್ಡುವ ತಡೆ ಎರಡೂವರೆ ಸಾವಿರ ಓಮ್‌ಗಳ ಆಸುಪಾಸು. ಎಂಜಿನ್ ಕಾದಾಗ ಕೆಲವೇ ನೂರಕ್ಕೆ ಇಳಿಯುತ್ತದೆ. ತಡೆ ಹೆಚ್ಚಿದಷ್ಟೂ ಚಳಿ ಹೆಚ್ಚು ಎಂಬುದು ಪೆಟ್ಟಿಗೆಯ ಲೆಕ್ಕ. ಸೆನ್ಸರಿನ ತಂತಿಯೇ ತುಂಡಾದರೆ? ತಡೆಗೆ ಮಿತಿಯೇ ಇಲ್ಲ. ಎಂಜಿನ್ ಕುದಿಯುತ್ತಿದ್ದರೂ ಹಿಮದಲ್ಲಿ ಹೂತಿದೆ ಎಂದು ಪೆಟ್ಟಿಗೆ ನಂಬುತ್ತದೆ, ಪೆಟ್ರೋಲು ಸುರಿಯುತ್ತದೆ. ಕಪ್ಪು ಹೊಗೆ ಏಳುತ್ತದೆ, ಪ್ಲಗ್ಗುಗಳು ಮಸಿ ಹಿಡಿಯುತ್ತವೆ. ಹಳೆಯ ಅನುಭವದ ಮೆಕ್ಯಾನಿಕ್ ಪ್ಲಗ್ ಬದಲಿಸುತ್ತಾನೆ, ಆಮೇಲೆ ಇಂಜೆಕ್ಟರ್, ಕೊನೆಗೆ ಪೆಟ್ಟಿಗೆಯನ್ನೇ. ದುಡ್ಡು ಮಾಲೀಕನದು, ಹೊಗೆ ಹಾಗೆಯೇ ಇರುತ್ತದೆ.

ಕಾರಿಗೆ ಮಾತು ಬಂದದ್ದು ಮೈಕ್ರೊಪ್ರೊಸೆಸರಿನಿಂದ. ಜನರಲ್ ಮೋಟಾರ್ಸ್ 1981ರಲ್ಲಿ ಅಮೆರಿಕದ ತನ್ನ ಬಹುತೇಕ ಪೆಟ್ರೋಲು ಕಾರುಗಳಲ್ಲಿ ಇಂಧನ ಹತೋಟಿಗೆ ಕಂಪ್ಯೂಟರ್ ಇಟ್ಟಿತು. ಚಾಲಕನ ಎದುರಿಗೆ ‘ಚೆಕ್ ಎಂಜಿನ್’ ದೀಪವನ್ನೂ ಇಟ್ಟಿತು. ಇದನ್ನು ಓದುವ ಕ್ರಮ ಸ್ವಾರಸ್ಯವಾದುದು. ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿನಲ್ಲಿ ಎರಡು ಪಿನ್ನುಗಳನ್ನು ತಂತಿಯಿಂದ ಜೋಡಿಸಿ ಕೀಲಿ ತಿರುಗಿಸಿದರೆ ದೀಪ ಮಿಣುಕುತ್ತಿತ್ತು. ಒಮ್ಮೆ ಮಿನುಗಿ, ಕ್ಷಣ ತಡೆದು, ಎರಡು ಸಲ ಮಿನುಗಿದರೆ ಸಂಖ್ಯೆ 12. ಎಂಜಿನ್ ನಿಂತಿದೆ, ಹೇಳುವ ವ್ಯವಸ್ಥೆ ಸರಿಯಿದೆ ಎಂದರ್ಥ. 15 ಬಂದರೆ ನಾವು ಮೇಲೆ ನೋಡಿದ ಕಾಯಿಲೆ: ಸೆನ್ಸರಿನಿಂದ ವಿಪರೀತ ಚಳಿಯ ಸುದ್ದಿ ಬರುತ್ತಿದೆ.

ಒಂದೊಂದು ಕಂಪನಿಯದು ಒಂದೊಂದು ಭಾಷೆಯಾಯಿತು. ಕ್ಯಾಲಿಫೋರ್ನಿಯ ರಾಜ್ಯ 1988ರ ಮಾದರಿಗಳಿಂದ ಇಂತಹ ಸ್ವಯಂತಪಾಸಣೆಯನ್ನು ಕಡ್ಡಾಯ ಮಾಡಿತು. 1996ರ ಮಾದರಿಗಳಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ 16 ಪಿನ್ನಿನ ಒಂದೇ ಬಗೆಯ ಸಾಕೆಟ್ಟು, ಸಮಾನ ಸಂಕೇತಗಳು ಬಂದವು. ಅಂದಿನ 15 ಅಲ್ಲಿ ‘ಪಿ 0118’ ಆಯಿತು.

ನಮ್ಮಲ್ಲಿ ಈ ಬದಲಾವಣೆಗೆ ವೇಗ ಕೊಟ್ಟದ್ದು ದೆಹಲಿಯ ಹೊಗೆ. ಅಲ್ಲಿ ನೋಂದಣಿಯಾಗುವ ಹೊಸ ಕಾರುಗಳು ಯೂರೊ ನಿಯಮಗಳಿಗೆ ಹೊಂದಬೇಕೆಂದು ಸುಪ್ರೀಂ ಕೋರ್ಟ್ 1999ರ ಏಪ್ರಿಲ್‌ನಲ್ಲಿ ಆದೇಶಿಸಿತು. ಕೆಲವೇ ವರ್ಷಗಳಲ್ಲಿ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಮಾಯವಾಯಿತು. ಜೆಟ್ ಊದಿ, ಕಿವಿಗೊಟ್ಟು ಹದ ಹಿಡಿಯುತ್ತಿದ್ದ ಬೀದಿಬದಿಯ ಗ್ಯಾರೇಜುಗಳ ಕೈಗೆ ಸ್ಕ್ಯಾನರ್ ಬಂತು, ಜೊತೆಗೆ ಹೊಸ ಭ್ರಮೆಯೊಂದೂ ಬಂತು. ಸ್ಕ್ಯಾನರ್ ‘ಪಿ 0118’ ಎಂದರೆ ಸೆನ್ಸರ್ ಕೆಟ್ಟಿದೆ ಎಂದುಕೊಂಡು ಹೊಸದನ್ನು ತರಿಸುವವರು ಬಹಳ. ಆದರೆ ಕಂಪ್ಯೂಟರಿಗೆ ಗೊತ್ತಿರುವುದು ಇಷ್ಟೇ: ತಾನು ಕಳಿಸಿದ ಐದು ವೋಲ್ಟು ಇಳಿಯದೆ ಹಾಗೆಯೇ ನಿಂತಿದೆ. ತಂತಿ ತುಂಡಾದರೂ, ಪ್ಲಗ್ಗಿನ ಪಿನ್ನಿಗೆ ಹಸಿರು ಕಿಲುಬು ಕಟ್ಟಿದರೂ, ಸೆನ್ಸರಿನ ಅರ್ತ್ ತಂತಿ ಕಳಚಿದರೂ ಸಂಕೇತ ಅದೇ. ವೈದ್ಯರ ಬಳಿ ರೋಗಿ ‘ಹೊಟ್ಟೆನೋವು’ ಎಂದಷ್ಟೇ ಹೇಳಿದ ಹಾಗೆ.

ಸೆನ್ಸರೋ ತಂತಿಯೋ ಎಂದು ಬೇರ್ಪಡಿಸುವ ಪರೀಕ್ಷೆ ಇಂದಿಗೂ ಹಳೆಯದೇ. ಸೆನ್ಸರಿನ ಕನೆಕ್ಟರ್ ಕಳಚಿ, ತಂತಿಯ ಕಡೆಯ ಎರಡು ಪಿನ್ನುಗಳನ್ನು ಗೇಣುದ್ದದ ತುಂಡು ವೈರಿನಿಂದ ಜೋಡಿಸಿ ಸ್ಕ್ಯಾನರ್ ನೋಡಬೇಕು. ಹಿಮದ ಅಂಕಿ ಒಮ್ಮೆಲೇ ಕುದಿಯುವ ಅಂಕಿಗೆ ಜಿಗಿದರೆ ತಂತಿ ಸರಿಯಿದೆ, ಸೆನ್ಸರನ್ನೋ ಅದರ ಪಿನ್ನನ್ನೋ ನೋಡಬೇಕು. ಅಂಕಿ ಕದಲದಿದ್ದರೆ ಹೊಸ ಸೆನ್ಸರಿಗೆ ದುಡ್ಡು ಕೊಡುವ ಮುನ್ನ ತಂತಿಯ ಜಾಡು ಹಿಡಿಯಬೇಕು.