ನೈಸರ್ಗಿಕವೆಂದರೆ ನಿರಪಾಯವೇ?

ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತ ಸೌಂದರ್ಯವರ್ಧಕಗಳ ಡಬ್ಬಿಗಳ ಮೇಲೆ ಈಗ ಎರಡು ಮಾತುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ: ‘ಸಂಪೂರ್ಣ ನೈಸರ್ಗಿಕ’, ‘ರಾಸಾಯನಿಕ ಮುಕ್ತ’. ‘ಕ್ಲೀನ್ ಬ್ಯೂಟಿ’ ಎಂಬ ಹೊಸ ಹೆಸರೂ ಇದಕ್ಕೆ ಬಂದಿದೆ. ಇವುಗಳ ಹಿಂದೆ ಇರುವ ಕಲ್ಪನೆ ಸರಳವಾದುದು. ಹಿಂದಿನವರು ಪ್ರಕೃತಿ ಕೊಟ್ಟದ್ದನ್ನು ಹಚ್ಚಿಕೊಂಡು ಸುಖವಾಗಿದ್ದರು, ಕಾರ್ಖಾನೆಗಳು ಬಂದು ಅದರಲ್ಲಿ ವಿಷ ಬೆರೆಸಿದವು ಎಂಬುದೇ ಆ ಕಲ್ಪನೆ. ಕೇಳಲು ಹಿತವಾಗಿದೆ. ಆದರೆ ಪ್ರಸಾಧನಗಳ ಇತಿಹಾಸ ಬೇರೆಯೇ ಕಥೆ ಹೇಳುತ್ತದೆ.

ಮೊದಲಿಗೆ ‘ರಾಸಾಯನಿಕ’ ಎಂಬ ಶಬ್ದವನ್ನೇ ನೋಡೋಣ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಅದು ಕೆಂಪಾಗುವುದನ್ನು ಆರತಿ ತಟ್ಟೆ ಸಿದ್ಧಪಡಿಸುವ ಪ್ರತಿ ಮನೆಯವರೂ ಬಲ್ಲರು. ಕುಂಕುಮ ತಯಾರಾಗುತ್ತಿದ್ದುದೂ ಹೀಗೆಯೇ. ಅರಿಶಿನಕ್ಕೆ ನಿಂಬೆರಸ, ಬಿಳಿಗಾರ ಸೇರಿಸಿ ಕೆಂಪು ಬಣ್ಣ ಬರಿಸುತ್ತಿದ್ದರು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಬೇರೊಂದು ವಸ್ತುವಿನ ಜೊತೆ ವರ್ತಿಸಿ ಬಣ್ಣ ಬದಲಿಸುವುದು ಅಪ್ಪಟ ರಸಾಯನಕ್ರಿಯೆ. ನೀರೂ ರಾಸಾಯನಿಕವೇ, ಕೊಬ್ಬರಿ ಎಣ್ಣೆಯೂ ರಾಸಾಯನಿಕವೇ. ಹಾಗಿರುವಾಗ ‘ರಾಸಾಯನಿಕ ಮುಕ್ತ’ ಎನ್ನುವ ಡಬ್ಬಿಯೊಳಗೆ ಏನೂ ಇರಲು ಸಾಧ್ಯವಿಲ್ಲ!

ಪ್ರಾಚೀನರು ಸಿಕ್ಕಿದ್ದನ್ನು ಸಿಕ್ಕಂತೆಯೇ ಹಚ್ಚಿಕೊಳ್ಳುತ್ತಿದ್ದರು ಎಂಬುದೂ ನಿಜವಲ್ಲ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಈಜಿಪ್ಟಿನ ಕಾಡಿಗೆ ಭರಣಿಗಳ ಪುಡಿಯನ್ನು ಫ್ರೆಂಚ್ ವಿಜ್ಞಾನಿಗಳು ಪರೀಕ್ಷಿಸಿ 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿ ಗೆಲೀನಾ ಎಂಬ ಸೀಸದ ಅದಿರು ಇತ್ತು. ಜೊತೆಗೆ ನಿಸರ್ಗದಲ್ಲಿ ತೀರ ಅಪರೂಪವಾದ ಸೀಸದ ಬಿಳಿ ಲವಣಗಳೂ ಇದ್ದವು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈಜಿಪ್ಟಿನವರು ಅವುಗಳನ್ನು ಉದ್ದೇಶಪೂರ್ವಕವಾಗಿ ತಯಾರಿಸಿಕೊಂಡಿದ್ದರೆಂಬ ತೀರ್ಮಾನಕ್ಕೆ ಆ ವಿಜ್ಞಾನಿಗಳು ಬಂದರು.

ಗ್ರೀಕರದೂ ಇದೇ ಕಥೆ. ಸೀಸದ ತುಂಡನ್ನು ಹುಳಿದ್ರಾಕ್ಷಾರಸದ ಆವಿಗೆ ಒಡ್ಡಿ, ಅದರ ಮೇಲೆ ಕಟ್ಟುವ ಬಿಳಿಯ ಪದರವನ್ನು ಕೆರೆದು ಪುಡಿ ಮಾಡುವ ವಿಧಾನವನ್ನು ಥಿಯೊಫ್ರಾಸ್ಟಸ್ ಸುಮಾರು 2,300 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಈ ಸೀಸದ ಬಿಳುಪು ಹದಿನೆಂಟನೆಯ ಶತಮಾನದವರೆಗೂ ಯೂರೋಪಿನ ಸಿರಿವಂತರ ಮುಖಗಳನ್ನು ಆಳಿತು. ಸೌಂದರ್ಯಕ್ಕೆ ಹೆಸರಾಗಿದ್ದ ಕೊವೆಂಟ್ರಿಯ ಕೌಂಟೆಸ್ ಮರಿಯಾ ಗನ್ನಿಂಗ್ 1760ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಾಗ ಜನ ಈ ಬಿಳುಪನ್ನೇ ದೂರಿದರು. ‘ಬೆಲ್ಲಡೋನ’ ಅಂತೂ ಕಾರ್ಖಾನೆಯ ಸರಕೇ ಅಲ್ಲ, ಒಂದು ಗಿಡ. ಕಣ್ಣಿನ ಪಾಪೆ ಅಗಲವಾಗಿ ಕಾಣಲೆಂದು ಅದರ ರಸವನ್ನು ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದರು. ಹೆಸರಿನ ಅರ್ಥ ‘ಸುಂದರಿ’, ಗುಣ ಮಾತ್ರ ಘೋರ ವಿಷ.

ಹಾಗಾದರೆ ಕಾರ್ಖಾನೆಗಳು ನಿರ್ದೋಷಿಗಳೇ? ಖಂಡಿತ ಅಲ್ಲ. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಶ್ ಲ್ಯೂರ್’ ಎಂಬ ರೆಪ್ಪೆ ಬಣ್ಣ ಮಾರಾಟಕ್ಕೆ ಬಂತು. ಅದರಲ್ಲಿ ಪ್ಯಾರಾಫಿನೈಲೀನ್‌ಡೈಅಮೀನ್ (ಪಿಪಿಡಿ) ಎಂಬ ಬಣ್ಣದ ವಸ್ತುವಿತ್ತು. ಹಚ್ಚಿಕೊಂಡ ಒಬ್ಬ ಮಹಿಳೆ ಕುರುಡಾದರು, ಇನ್ನೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಸರ್ಕಾರ ಕೈಕಟ್ಟಿ ಕೂರಬೇಕಾಯಿತು. ಏಕೆಂದರೆ ಅಲ್ಲಿನ 1906ರ ಕಾನೂನಿನ ವ್ಯಾಪ್ತಿಗೆ ಸೌಂದರ್ಯವರ್ಧಕಗಳು ಬರುತ್ತಲೇ ಇರಲಿಲ್ಲ. 1937ರಲ್ಲಿ ಒಂದು ವಿಷಪೂರಿತ ಔಷಧ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮೇಲೆಯೇ 1938ರ ಕಾನೂನು ಬಂತು. ಅದರಡಿ ಮೊದಲು ಜಪ್ತಿಯಾದ ಸರಕು ಲ್ಯಾಶ್ ಲ್ಯೂರ್.

ನಮ್ಮ ದೇಶದಲ್ಲಿ 1940ರ ಔಷಧ ಕಾಯ್ದೆಯೊಳಗೆ ಸೌಂದರ್ಯವರ್ಧಕಗಳು ಸೇರಿದ್ದು 1962ರ ತಿದ್ದುಪಡಿಯಿಂದ. ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದನ್ನು ನಿಯಮಗಳು ನಿಷೇಧಿಸಿವೆ, ಪಾದರಸಕ್ಕೂ ಕಟ್ಟುನಿಟ್ಟಿನ ಮಿತಿ ಹಾಕಿವೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಮೂರೂ ಭೂಮಿಯಿಂದಲೇ ಬಂದ ‘ನೈಸರ್ಗಿಕ’ ವಸ್ತುಗಳು. ಕಾನೂನು ಹುಟ್ಟನ್ನು ಕೇಳುವುದಿಲ್ಲ, ಗುಣವನ್ನೂ ಪ್ರಮಾಣವನ್ನೂ ಕೇಳುತ್ತದೆ.

ಇದು ಮುಗಿದುಹೋದ ಇತಿಹಾಸವಲ್ಲ. ಎಣ್ಣೆದೀಪದ ಮಸಿಯಿಂದ ಮಾಡಿದ ಕಾಡಿಗೆಯೂ ಸುರ್ಮಾ ಕಲ್ಲನ್ನು ಅರೆದು ಮಾಡಿದ ಪುಡಿಯೂ ನೋಡಲು ಒಂದೇ ಕಪ್ಪು. ಆದರೆ ಆ ಕಲ್ಲು ಅನೇಕ ವೇಳೆ ಈಜಿಪ್ಟಿನವರು ಬಳಸಿದ ಅದೇ ಗೆಲೀನಾ. ಬ್ರಿಟನ್ನಿನಲ್ಲಿ ನೆಲೆಸಿದ ಏಷ್ಯಾ ಮೂಲದ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿರುವುದಕ್ಕೂ ಸುರ್ಮಾ ಬಳಕೆಗೂ ಸಂಬಂಧವಿದೆಯೆಂದು 1970ರ ದಶಕದಲ್ಲಿಯೇ ಅಲ್ಲಿನ ವೈದ್ಯರು ಎಚ್ಚರಿಸಿದ್ದರು. ಮಕ್ಕಳ ಮಟ್ಟಿಗೆ ಸೀಸದ ‘ಸುರಕ್ಷಿತ ಪ್ರಮಾಣ’ ಎಂಬುದೇ ಇಲ್ಲ. ಅದು ಬೆಳೆಯುವ ಮಿದುಳನ್ನು ಕುಂದಿಸುತ್ತದೆ.

ಮದರಂಗಿಯ ವಿಷಯವೂ ಹಾಗೆಯೇ. ಅದರ ಎಲೆ ಕೊಡುವುದು ಕೇಸರಿಗೆಂಪು ಬಣ್ಣವನ್ನಷ್ಟೇ. ಹಚ್ಚಿದ ಸ್ವಲ್ಪ ಹೊತ್ತಿಗೇ ಕಡುಗಪ್ಪು ಬಣ್ಣ ಬಂದರೆ ಬೇರೇನೋ ಬೆರೆತಿದೆ ಎಂದರ್ಥ. ಬಹಳ ಸಲ ಅದು ಲ್ಯಾಶ್ ಲ್ಯೂರ್‌ನಲ್ಲಿದ್ದ ಪಿಪಿಡಿಯೇ. ಎಲೆಯ ಚಿತ್ರವಿರುವ ಪೊಟ್ಟಣದಲ್ಲಿ ಅದು ಬಂದಾಗ ಯಾರಿಗೆ ಅನುಮಾನ ಬರುತ್ತದೆ? ಇನ್ನು ಬರೀ ನಿಂಬೆರಸವನ್ನು ಚರ್ಮಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋದರೂ ಬೊಬ್ಬೆ ಏಳುವುದುಂಟು, ಕಲೆ ಉಳಿಯುವುದುಂಟು.

ಭಯವೂ ಕೆಲವೊಮ್ಮೆ ಹಾನಿಗೆ ದಾರಿಯಾಗುತ್ತದೆ. ಕ್ರೀಮು ಕೆಡದಂತೆ ಕಾಪಾಡುವ ಪ್ಯಾರಾಬೆನ್‌ಗಳು ಸ್ತನ ಕ್ಯಾನ್ಸರ್ ಗಡ್ಡೆಗಳಲ್ಲಿ ಕಂಡುಬಂದವೆಂದು 2004ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಹೇಳಿತು. ಅವುಗಳಿಂದಲೇ ಕ್ಯಾನ್ಸರ್ ಬಂತೆಂದು ಅದು ಸಾಧಿಸಿರಲಿಲ್ಲ. ಆದರೂ ಗಾಬರಿ ಹಬ್ಬಿತು, ‘ಪ್ಯಾರಾಬೆನ್ ರಹಿತ’ ಎಂಬ ಮುದ್ರೆ ಬಂತು. ಬದಲಿಗೆ ಅನೇಕ ಕಂಪೆನಿಗಳು ಬಳಸಿದ ಮಿಥೈಲ್‌ಐಸೋಥಯಾಜೋಲಿನೋನ್ ಎಷ್ಟೋ ಜನರಿಗೆ ತುರಿಕೆ, ಗಂಧೆ ತಂದಿತು. ಅಮೆರಿಕದ ಚರ್ಮರೋಗ ತಜ್ಞರ ಸಂಘವೊಂದು 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ಅದೇ ಸಂಘ 2019ರಲ್ಲಿ ಪ್ಯಾರಾಬೆನ್‌ಗಳಿಗೆ ಕೊಟ್ಟ ಬಿರುದು ‘ಅಲರ್ಜಿ ತಾರದ ವಸ್ತು’!

ಅಜ್ಜಿಯರ ಕಡಲೆಹಿಟ್ಟು, ಅರಿಶಿನದ ಲೇಪಕ್ಕೆ ಇಂಥ ಸಂರಕ್ಷಕ ಬೇಕಿರಲಿಲ್ಲ, ನಿಜ. ಅವರು ಅಂದು ಕಲಸಿದ್ದನ್ನು ಅಂದೇ ಮುಗಿಸಿ ಉಳಿದದ್ದನ್ನು ಚೆಲ್ಲುತ್ತಿದ್ದರು. ನೀರಿನ ಅಂಶವಿರುವ ಕ್ರೀಮನ್ನು ಆರು ತಿಂಗಳು ಬಚ್ಚಲಮನೆಯ ಗೂಡಿನಲ್ಲಿಟ್ಟರೆ, ಕಾಪಾಡುವ ವಸ್ತುವಿಲ್ಲದೆ ಬೂಷ್ಟೂ ಬ್ಯಾಕ್ಟೀರಿಯವೂ ಬೆಳೆಯದೆ ಇರವು. ಅಜ್ಜಿಯ ಲೇಪವನ್ನು ಅನುಕರಿಸುವವರು ಅಜ್ಜಿಯ ಪದ್ಧತಿಯನ್ನೂ ಅನುಕರಿಸಬೇಕಾಗುತ್ತದೆ.

ಕೊಳ್ಳುವವರು ಮಾಡಬಹುದಾದದ್ದು ಇಷ್ಟು. ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಬೇಕು. ಒಳಗಿರುವ ವಸ್ತುಗಳ ಪಟ್ಟಿ, ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬಳಕೆಯ ಅವಧಿ ಅಲ್ಲಿರಬೇಕೆಂಬುದು ನಿಯಮ. ಹೆಸರೂ ವಿಳಾಸವೂ ಇಲ್ಲದ ಕುಂಕುಮ, ಸುರ್ಮಾ, ಬಿಳಿಯಾಗಿಸುವ ಕ್ರೀಮುಗಳನ್ನು, ಮುಖ್ಯವಾಗಿ ಮಕ್ಕಳ ಮಟ್ಟಿಗೆ, ದೂರವಿಡುವುದೇ ಲೇಸು. ಬಣ್ಣಕ್ಕೆ ಪ್ರಾಣ ತೆತ್ತವರ ಕಾರಣದಿಂದ ಆ ಸಣ್ಣ ಅಕ್ಷರಗಳು ಡಬ್ಬಿಯ ಮೇಲೆ ಬಂದಿವೆ. ಓದುವುದಕ್ಕೆ ಖರ್ಚೇನೂ ಇಲ್ಲ.