ಅವಲಾಂಚಿಯ ತಣ್ಣೀರು

ಇಂಗ್ಲೆಂಡಿನ ಜಮೀನುದಾರರು ಕಾಡಂಚಿನಲ್ಲಿ ಬಲೆಯ ಆವರಣ ಕಟ್ಟಿ, ಫೆಸೆಂಟ್ ಹಕ್ಕಿಯ ಮರಿಗಳನ್ನು ಸಾಕಿ, ಬೇಟೆಗೆಂದೇ ಹೊರಬಿಡುವ ರೂಢಿಯುಳ್ಳವರು. ಆ ಮನೋಧರ್ಮವೇ ನಮ್ಮ ನೀಲಗಿರಿಯ ಹೊಳೆಗಳಿಗೂ ಇಳಿದು ಬಂದಿತು. ಭಾರತದ ಮೀನುಗಳ ಕುರಿತು ಬೃಹದ್ಗ್ರಂಥ ರಚಿಸಿದ ಫ್ರಾನ್ಸಿಸ್ ಡೇ 1863ರಲ್ಲಿ ಟ್ರೌಟ್ ಮೀನನ್ನು ತರಲು ಯತ್ನಿಸಿ ಸೋತನು. ತಂಪು ಬೇಡುವ ಆ ಮೊಟ್ಟೆಗಳಿಗೆ ಉಷ್ಣವಲಯದ ಕಡಲಯಾನವೇ ಶತ್ರು. ಕಳೆದ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಯಶಸ್ವಿಯಾದನು, 1907ರಲ್ಲಿ ಅವಲಾಂಚಿಯಲ್ಲಿ ಮರಿಕೇಂದ್ರ ತಲೆಯೆತ್ತಿತು.

ನಮಗೆ ಮೆಚ್ಚುಗೆಯಾಗುವುದು ಸ್ಥಳದ ಆಯ್ಕೆ. ಟ್ರೌಟಿಗೆ ತಣ್ಣಗಿನ, ಸದಾ ಹರಿಯುವ ನೀರು ಬೇಕು. ನೀರು ಬಿಸಿಯಾದರೆ ಅದರಲ್ಲಿನ ಪ್ರಾಣವಾಯು ಕುಗ್ಗಿ ಮರಿಗಳು ಸಾಯುತ್ತವೆ. ಮಳೆಗಾಲದ ನೀರನ್ನು ಹೀರಿಟ್ಟು ಬೇಸಗೆಯಲ್ಲಿ ತೊಟ್ಟಿಕ್ಕಿಸುವ ಶೋಲಾ ಕಾಡು ಅಲ್ಲಿ ಬೆನ್ನಿಗಿದೆ. ಮರಿಗಳು ತೊಟ್ಟಿಯಲ್ಲಿ ಬಲಿತು ಹೊಳೆ, ಕೆರೆಗಳನ್ನು ಸೇರುತ್ತಿದ್ದವು.

ಆದರೆ ಗಾಳ ಯಾರದು? ಬೇಟೆ, ಮೀನುಗಾರಿಕೆಗಳನ್ನು 1879ರ ನೀಲಗಿರಿ ಕಾಯಿದೆ ಆಗಲೇ ಕಟ್ಟುಪಾಡಿಗೆ ಒಳಪಡಿಸಿತ್ತು. ದೊರೆಗಳ ಮೋಜಿಗೆ ಹೊಳೆ ಸಜ್ಜಾದಾಗ, ತಲೆಮಾರುಗಳಿಂದ ಆ ಬೆಟ್ಟದಲ್ಲಿ ಎಮ್ಮೆ ಕಾಯ್ದ ತೊದವರು, ಉತ್ತು ಬಿತ್ತಿದ ಬಡಗರು ನೋಡುಗರಾಗಿ ಉಳಿದರು. ಅದೇ ಹುಲ್ಲುಗಾವಲುಗಳಲ್ಲಿ ಪರದೇಶದ ವಾಟಲ್, ನೀಲಗಿರಿ ಮರಗಳೂ ಬೇರೂರಿದವು.