ಜೌಗುನೆಲದ ಜಮಾ-ಖರ್ಚು

ಅಮೆರಿಕದಲ್ಲಿ ಬಡಾವಣೆಗೋ ಹೆದ್ದಾರಿಗೋ ಜೌಗುನೆಲವನ್ನು ಮಣ್ಣು ತುಂಬಿ ಮುಚ್ಚಬೇಕಾದರೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಮುಚ್ಚಿದ್ದಕ್ಕೆ ಬದಲಾಗಿ ಇನ್ನೊಂದೆಡೆ ಜೌಗನ್ನು ಹುಟ್ಟಿಸುವ, ಇಲ್ಲವೇ ಹಾಳಾಗಿರುವ ಜೌಗಿಗೆ ಮತ್ತೆ ಜೀವ ಕೊಡುವ ಹೊಣೆಯೂ ಆ ಪರವಾನಗಿಯ ಜೊತೆಗೇ ಬರುತ್ತದೆ. ಕಟ್ಟುವವರು ಅದನ್ನು ತಾವೇ ಮಾಡಬೇಕೆಂದಿಲ್ಲ. ಜೌಗು ಬೆಳೆಸುವುದನ್ನೇ ಕಸುಬಾಗಿಸಿಕೊಂಡವರಿಂದ ಬೇಕಾದಷ್ಟು ‘ಕ್ರೆಡಿಟ್’ ಕೊಂಡರೆ ಹೊಣೆ ತೀರಿತು. ಸುಮಾರು ನಲವತ್ತು ವರ್ಷಗಳಲ್ಲಿ ಈ ಪದ್ಧತಿ ಸಾಗಿಬಂದ ದಾರಿಯನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಪ್ರತಿಯೊಂದು ಸುಧಾರಣೆಯೂ ಹಿಂದಿನ ತಪ್ಪನ್ನು ತಿದ್ದಿತು, ಹೊಸ ಜೌಗು ಬದುಕಿ ಉಳಿಯುವ ಭರವಸೆಯನ್ನು ಹೆಚ್ಚಿಸಿತು. ಆದರೆ ಅದೇ ಸುಧಾರಣೆ ಜೌಗನ್ನು ಅದು ಕಳೆದುಹೋದ ಊರಿನಿಂದ ದೂರ ಒಯ್ದಿತು. ಲೆಕ್ಕದ ಪುಸ್ತಕದಲ್ಲಿ ಜಮೆಯೂ ಖರ್ಚೂ ಸರಿಹೋದವು. ನೀರು ನಿಲ್ಲುವ ಜಾಗ ಮಾತ್ರ ಬದಲಾಯಿತು.

ಈ ಪದ್ಧತಿಯ ಹಿಂದೆ ದೊಡ್ಡದೊಂದು ನಷ್ಟವಿದೆ. ಜೌಗೆಂದರೆ ಸೊಳ್ಳೆ, ಜ್ವರ, ದಂಡದ ನೆಲ ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ, 1849 ಮತ್ತು 1850ರ ಕಾಯ್ದೆಗಳು ಅದನ್ನು ಬಸಿದು ಸಾಗುವಳಿಗೆ ತರಲೆಂದೇ ರಾಜ್ಯಗಳಿಗೆ ಬಿಟ್ಟುಕೊಟ್ಟವು. ಅಲಾಸ್ಕಾ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳ ನೆಲದಲ್ಲಿ 1780ರ ದಶಕದಲ್ಲಿ ಸುಮಾರು 22.1 ಕೋಟಿ ಎಕರೆ ಜೌಗಿತ್ತು. 1980ರ ದಶಕಕ್ಕೆ ಬಂದಾಗ ಉಳಿದದ್ದು 10.4 ಕೋಟಿ ಎಕರೆ ಎಂದು ಅಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆ ಅಂದಾಜು ಮಾಡಿತು. 1972ರ ಶುದ್ಧ ಜಲ ಕಾಯ್ದೆಯ 404ನೇ ಸೆಕ್ಷನ್ ಮಣ್ಣು ತುಂಬುವುದಕ್ಕೆ ಪರವಾನಗಿ ಕಡ್ಡಾಯ ಮಾಡಿ, ಅದನ್ನು ಕೊಡುವ ಅಧಿಕಾರವನ್ನು ಸೇನೆಯ ಎಂಜಿನಿಯರುಗಳ ದಳಕ್ಕೆ ವಹಿಸಿತು. 1988ರಲ್ಲಿ ನ್ಯೂಜೆರ್ಸಿಯ ಗವರ್ನರ್ ಥಾಮಸ್ ಕೀನ್ ಅಧ್ಯಕ್ಷತೆಯ ರಾಷ್ಟ್ರೀಯ ವೇದಿಕೆಯೊಂದು ‘ಒಟ್ಟಾರೆ ನಷ್ಟವಿಲ್ಲ’ ಎಂಬ ಗುರಿಯನ್ನು ಮುಂದಿಟ್ಟಿತು, ಜಾರ್ಜ್ ಎಚ್. ಡಬ್ಲ್ಯು. ಬುಷ್ ಅದನ್ನು ತಮ್ಮ ಭರವಸೆಯಾಗಿಸಿಕೊಂಡರು. ಎಂಜಿನಿಯರುಗಳ ದಳಕ್ಕೂ ಪರಿಸರ ಸಂರಕ್ಷಣಾ ಸಂಸ್ಥೆಗೂ ನಡುವೆ 1990ರಲ್ಲಿ ಆದ ಒಪ್ಪಂದ ಮೂರು ಮೆಟ್ಟಿಲುಗಳನ್ನು ಹಾಕಿಕೊಟ್ಟಿತು: ಮೊದಲು ಹಾನಿಯನ್ನೇ ತಪ್ಪಿಸಬೇಕು, ತಪ್ಪದಿದ್ದರೆ ತಗ್ಗಿಸಬೇಕು, ಆಮೇಲೂ ಉಳಿದದ್ದಕ್ಕೆ ಪರಿಹಾರ ಕಟ್ಟಿಕೊಡಬೇಕು. ಈ ಮೂರರ ಕ್ರಮವೇ ಇಡೀ ವ್ಯವಸ್ಥೆಯ ಜೀವಾಳ.

ಮೊದಮೊದಲು ಪರಿಹಾರದ ಕೆಲಸವನ್ನು ಹೆಚ್ಚಾಗಿ ಪರವಾನಗಿ ಪಡೆದವರೇ, ಕಟ್ಟಡದ ಪಕ್ಕದಲ್ಲೋ ಹತ್ತಿರದಲ್ಲೋ ಮಾಡುತ್ತಿದ್ದರು. ತಗ್ಗು ತೋಡಿ, ಸಸಿ ನೆಟ್ಟು, ಚಿತ್ರ ತೆಗೆದು ಕಡತಕ್ಕೆ ಸೇರಿಸಿದರೆ ಮುಗಿಯಿತು ಎನ್ನುವಂತಿತ್ತು. ಆದರೆ ಜೌಗನ್ನು ಮಾಡುವುದು ಗಿಡವಲ್ಲ, ನೀರು. ನೆಲದಡಿಯ ನೀರು ವರ್ಷದಲ್ಲಿ ಇಷ್ಟು ವಾರ ಬೇರಿನ ಮಟ್ಟಕ್ಕೆ ಏರಿ ನಿಲ್ಲಬೇಕು. ಹಾಗೆ ನಿಂತ ಕಡೆ ಒಂದಡಿ ಅಗೆದರೆ ಗಾಳಿ ಸಿಗದ ಮಣ್ಣು ಬೂದುಬಣ್ಣಕ್ಕೆ ತಿರುಗಿರುತ್ತದೆ, ಬೇರು ಹಾದಲ್ಲೆಲ್ಲ ತುಕ್ಕಿನ ಕೆಂಪು ಗೆರೆಗಳಿರುತ್ತವೆ. ವಾಹನ ನಿಲುಗಡೆಯ ಅಂಚಿನಲ್ಲಿ ತೋಡಿದ ಗುಂಡಿಗೆ ಆ ಮಣ್ಣು ಬರುವುದಿಲ್ಲ. ಒಂದೋ ಅದು ಒಣಗಿ ಕಳೆ ಬೆಳೆಯುತ್ತದೆ, ಇಲ್ಲವೇ ಬರೀ ಕೊಳವಾಗಿ ಉಳಿಯುತ್ತದೆ. ರಾಷ್ಟ್ರೀಯ ಸಂಶೋಧನಾ ಮಂಡಳಿ 2001ರ ವರದಿಯಲ್ಲಿ, ಜೌಗು ಮಾಡುವ ಕೆಲಸಗಳ ಲೆಕ್ಕದಲ್ಲಿ ‘ಒಟ್ಟಾರೆ ನಷ್ಟವಿಲ್ಲ’ ಎಂಬ ಗುರಿ ಈಡೇರುತ್ತಿಲ್ಲ ಎಂದು ನೇರವಾಗಿ ಹೇಳಿತು. ಪರಿಹಾರದ ಕೆಲಸ ನಿಜವಾಗಿ ನಡೆದಿದೆಯೇ ಎಂದು ನೋಡುವ ಪರಿಣಾಮಕಾರಿ ವ್ಯವಸ್ಥೆಯೇ ಎಂಜಿನಿಯರುಗಳ ದಳದಲ್ಲಿಲ್ಲ ಎಂದು 2005ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ತೋರಿಸಿಕೊಟ್ಟಿತು.

ಈ ಸೋಲೇ ‘ಬ್ಯಾಂಕ್’ ಎಂಬ ಕಲ್ಪನೆಗೆ ಬಲ ತಂದಿತು. 1980ರ ದಶಕದ ಮೊದಲ ಬ್ಯಾಂಕುಗಳು ಬಹುಮಟ್ಟಿಗೆ ಹೆದ್ದಾರಿ ಇಲಾಖೆಗಳಂಥವರು ತಮ್ಮ ಮುಂದಿನ ಅಗತ್ಯಕ್ಕೆಂದು ಕೂಡಿಟ್ಟುಕೊಂಡ ಜೌಗುಗಳು. 1990ರ ದಶಕದಲ್ಲಿ ಖಾಸಗಿಯವರು ಮಾರುವುದಕ್ಕೆಂದೇ ಜೌಗು ಬೆಳೆಸತೊಡಗಿದರು. ಫ್ಲಾರಿಡಾದ ಪೆಂಬ್ರೋಕ್ ಪೈನ್ಸ್‌ನ ಬ್ಯಾಂಕು ಆ ಸಾಲಿನ ಮೊದಲಿಗರಲ್ಲೊಂದು. 1995ರಲ್ಲಿ ಕೇಂದ್ರದ ಮಾರ್ಗಸೂಚಿ ಬಂತು; 2008ರ ನಿಯಮ ಬ್ಯಾಂಕಿನ ಕ್ರೆಡಿಟ್‌ಗೆ ಮೊದಲ ಆದ್ಯತೆ, ಪರಿಹಾರದ ಕೆಲಸಕ್ಕೆ ಬದಲಾಗಿ ಹಣ ಕಟ್ಟುವ ಶುಲ್ಕ ನಿಧಿಗೆ ಎರಡನೆಯದು, ಪರವಾನಗಿದಾರರ ಸ್ವಂತ ಕೆಲಸಕ್ಕೆ ಕೊನೆಯದು ಎಂದು ಗೊತ್ತುಮಾಡಿತು. ಬ್ಯಾಂಕು ನಡೆಸುವ ರೀತಿ ಕಟ್ಟುನಿಟ್ಟಿನದು. ಮಾಲೀಕರು ಬಸಿಗಾಲುವೆಗಳನ್ನು ಮುಚ್ಚಬೇಕು, ಹೊರಗಿನಿಂದ ಬಂದು ಹಬ್ಬಿದ ಗಿಡಗಳನ್ನು ಕಿತ್ತುಹಾಕಬೇಕು, ಕೊಳವೆ ಇಳಿಸಿ ನೆಲದ ನೀರಿನ ಮಟ್ಟವನ್ನು ಅಳೆಯುತ್ತಿರಬೇಕು, ಆ ನೆಲವನ್ನು ಮುಂದೆಂದೂ ಬೇರೆ ಕೆಲಸಕ್ಕೆ ಬಳಸದಂತೆ ಕರಾರು ಬರೆದುಕೊಡಬೇಕು, ಹಣದ ಖಾತರಿ ಇಡಬೇಕು. ಹಲವು ಇಲಾಖೆಗಳ ತಜ್ಞರ ತಂಡ ಹಂತಹಂತವಾಗಿ ಪರೀಕ್ಷಿಸಿ, ಗುರಿ ಮುಟ್ಟಿದಷ್ಟಕ್ಕೆ ಮಾತ್ರ ಕ್ರೆಡಿಟ್ ಬಿಡುಗಡೆ ಮಾಡುತ್ತದೆ. ದೂರದಲ್ಲಿ, ದೊಡ್ಡದಾಗಿ ಮಾಡಿದ ಪರಿಹಾರದಿಂದ ಏನು ಸಿಗಬಹುದು ಎನ್ನುವುದಕ್ಕೆ ಫ್ಲಾರಿಡಾದ ಡಿಸ್ನಿ ವನ್ಯಪ್ರದೇಶ ಸಾಕ್ಷಿ. ಅದು ಮಾರಾಟದ ಬ್ಯಾಂಕಲ್ಲ. ತನ್ನ ಕಟ್ಟಡಗಳಿಂದಾಗುವ ಹಾನಿಗೆ ಬದಲಾಗಿ ಕಂಪನಿ 1990ರ ದಶಕದ ಆರಂಭದಲ್ಲಿ ಸುಮಾರು 8,500 ಎಕರೆಯ ಹಳೆಯ ದನಗಾವಲನ್ನು ಕೊಂಡು ‘ನೇಚರ್ ಕನ್ಸರ್ವೆನ್ಸಿ’ ಎಂಬ ಸಂರಕ್ಷಣಾ ಸಂಸ್ಥೆಯ ಕೈಗೆ ಒಪ್ಪಿಸಿತು. ಊರಿನ ನಡುವೆ ಚೂರುಚೂರಾಗಿ ಮಾಡಿದ್ದರೆ ಇಷ್ಟು ದೊಡ್ಡ, ಒಂದೇ ಹರವಿನ ಜೌಗು-ಕಾಡು ಉಳಿಯುತ್ತಿರಲಿಲ್ಲ.

ಇಷ್ಟರಮಟ್ಟಿಗೆ ಗೆಲುವು ನಿಜ. ಆದರೆ ದೊಡ್ಡ ನೆಲ ಅಗ್ಗವಾಗಿ ಸಿಗುವುದು ಪೇಟೆಯಿಂದ ದೂರದಲ್ಲಿ; ಜೌಗು ಮುಚ್ಚಿಹೋಗುವುದು ನೆಲ ದುಬಾರಿಯಾದ ಕಡೆ. ಹೀಗಾಗಿ ಬ್ಯಾಂಕು ಹಳ್ಳಿಗಾಡಿನತ್ತ ಸರಿಯುವುದು ಯಾರ ಕುತಂತ್ರವೂ ಅಲ್ಲ, ವ್ಯಾಪಾರದ ಸಹಜ ಗತಿ. ಕಾನೂನು ವಿದ್ವಾಂಸರಾದ ಜೆ. ಬಿ. ರೂಲ್ ಮತ್ತು ಜೇಮ್ಸ್ ಸಾಲ್ಜ್‌ಮನ್ 2006ರಲ್ಲಿ ಫ್ಲಾರಿಡಾದ ಬ್ಯಾಂಕುಗಳನ್ನು ಪರಿಶೀಲಿಸಿ, ಜೌಗು ಜನ ಹೆಚ್ಚಿರುವ ಕಡೆಯಿಂದ ಜನ ವಿರಳವಾದ ಕಡೆಗೆ ವಲಸೆ ಹೋಗುತ್ತಿರುವುದನ್ನು ತೋರಿಸಿದರು. ಜೌಗು ಪ್ರವಾಹವನ್ನು ಹೀರಿಕೊಳ್ಳುತ್ತದೆ ಎನ್ನುತ್ತೇವೆ. ಹೀರುವುದು ತನ್ನ ಕೆಳಗಿರುವ ಮನೆಗಳಿಗೆ ಬರುವ ನೀರನ್ನು, ಐವತ್ತು ಕಿಲೋಮೀಟರ್ ಆಚೆಯ ನೀರನ್ನಲ್ಲ. ಚಾರ್ಲ್ಸ್ ಟೇಲರ್ ಮತ್ತು ಹನ್ನಾ ಡ್ರಕೆನ್‌ಮಿಲ್ಲರ್ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2001ರಿಂದ 2016ರ ನಡುವೆ ಕಳೆದುಹೋದ ಪ್ರತಿ ಹೆಕ್ಟೇರ್ ಜೌಗು ಪ್ರವಾಹ ವಿಮೆಯ ಪರಿಹಾರವನ್ನು ಸರಾಸರಿ ವರ್ಷಕ್ಕೆ ಸುಮಾರು 1,840 ಡಾಲರಿನಷ್ಟು ಹೆಚ್ಚಿಸಿತು. ಕಟ್ಟಡಗಳು ಬೆಳೆದ ಪ್ರದೇಶಗಳಲ್ಲಿ ಅದು 8,000 ಡಾಲರನ್ನು ದಾಟಿತು. ಜೌಗಿನ ಬೆಲೆ ಅದರ ವಿಸ್ತೀರ್ಣದಲ್ಲಿ ಮಾತ್ರ ಇಲ್ಲ, ಅದು ಯಾರ ಮನೆಯ ಮೇಲುಗಡೆ ಇದೆ ಎನ್ನುವುದರಲ್ಲೂ ಇದೆ. ಕ್ರೆಡಿಟ್‌ನ ಲೆಕ್ಕಕ್ಕೆ ಸರಿಯಾಗಿ ಸಿಗದಿರುವುದು ಇದೇ.

ಈ ವಾದಕ್ಕೆ ಮೂರು ಆಕ್ಷೇಪಗಳಿವೆ, ಮೂರೂ ತೂಕವುಳ್ಳವು. ಹತ್ತಿರದ ಸತ್ತ ಗುಂಡಿಗಿಂತ ದೂರದ ಜೀವಂತ ಜೌಗು ಮೇಲಲ್ಲವೇ ಎನ್ನುವುದು ಮೊದಲನೆಯದು. ಮೇಲು, ನಿಜ. ಆದರೆ ಆಯ್ಕೆ ಈ ಎರಡರ ನಡುವೆಯೇ ಇದೆ ಎಂದುಕೊಂಡಾಗ ಮೊದಲ ಮೆಟ್ಟಿಲು, ಅಂದರೆ ಇರುವ ಜೌಗನ್ನು ಮುಟ್ಟದೇ ಬಿಡುವುದು, ಮರೆತೇಹೋಗುತ್ತದೆ. ಕ್ರೆಡಿಟ್ ಸುಲಭವಾಗಿ ಸಿಗುವಷ್ಟೂ ಆ ಮರೆವು ಹೆಚ್ಚುತ್ತದೆ. ಒಂದೇ ಜಲಾನಯನದೊಳಗೆ ಮಾರಬೇಕೆಂಬ ಮಿತಿ ಇದೆಯಲ್ಲ ಎನ್ನುವುದು ಎರಡನೆಯದು. ಇದೆ, ಆದರೆ ಸಾಮಾನ್ಯವಾಗಿ ಬಳಸುವ ಜಲಾನಯನ ಘಟಕದ ಸರಾಸರಿ ಹರವು 700 ಚದರ ಮೈಲಿ. ಅದರ ಒಂದು ತುದಿಯ ಜೌಗು ಇನ್ನೊಂದು ತುದಿಯ ಬೀದಿಯನ್ನು ಕಾಯಲಾರದು. ಒಂದೆಕರೆಗೆ ಎರಡೆಕರೆ ಕೊಟ್ಟರೆ ಕೊರತೆ ತುಂಬುವುದಿಲ್ಲವೇ ಎನ್ನುವುದು ಮೂರನೆಯದು. ಜಗತ್ತಿನ 621 ಜೌಗುತಾಣಗಳ ದತ್ತಾಂಶವನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ, ಪುನಶ್ಚೇತನಗೊಂಡು ಶತಮಾನ ಕಳೆದರೂ ಜೌಗಿನ ಜೀವಸಂಕುಲ ಸಹಜ ಜೌಗಿಗಿಂತ ಸರಾಸರಿ ಶೇ 26ರಷ್ಟು, ಮಣ್ಣಿನಲ್ಲಿ ಇಂಗಾಲ ಕೂಡಿಡುವಂಥ ಕ್ರಿಯೆಗಳು ಶೇ 23ರಷ್ಟು ಹಿಂದೆಯೇ ಇದ್ದವು. ಹೆಚ್ಚು ಎಕರೆ ಈ ಕೊರತೆಯನ್ನು ಒಂದಿಷ್ಟು ತುಂಬೀತು; ಸ್ಥಳದ ಕೊರತೆಯನ್ನು ತುಂಬಲಾರದು.

ಎಕರೆಯ ಲೆಕ್ಕ ಎಷ್ಟು ದಾರಿ ತಪ್ಪಿಸಬಹುದು ಎನ್ನುವುದನ್ನು ಸರ್ಕಾರದ ಸಮೀಕ್ಷೆಗಳೇ ಹೇಳುತ್ತವೆ. 1998ರಿಂದ 2004ರ ನಡುವೆ ಜೌಗು ಹೆಚ್ಚಿದೆ ಎಂದು ವರದಿ ಬಂದಾಗ, ಆ ಹೆಚ್ಚಳದ ಹಿಂದಿದ್ದದ್ದು ಹೊಸದಾಗಿ ತೋಡಿದ ಕೊಳಗಳು. 2009ರಿಂದ 2019ರ ನಡುವೆ ಗಿಡಮರ ಬೆಳೆದ ಜೌಗು 6.7 ಲಕ್ಷ ಎಕರೆಯಷ್ಟು ಕುಗ್ಗಿತು. ಇದರ ಮೇಲೆ, 2023ರಲ್ಲಿ ಸ್ಯಾಕೆಟ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಬಹುಮಟ್ಟಿಗೆ ಸದಾ ನಿಂತಿರುವ ಅಥವಾ ಹರಿಯುವ ನೀರಿಗೆ ನೆಲದ ಮೇಲೆಯೇ ಎಡೆಬಿಡದೆ ಕೂಡಿಕೊಂಡ ಜೌಗಿಗಷ್ಟೇ ಕೇಂದ್ರ ಕಾಯ್ದೆಯ ರಕ್ಷಣೆ ಎಂದಿತು. ಆ ಗೆರೆಯಿಂದ ಹೊರಗುಳಿದ ಜೌಗನ್ನು ಮುಚ್ಚಲು ಕೇಂದ್ರದ ಪರವಾನಗಿ ಬೇಡ. ಪರವಾನಗಿ ಬೇಡವೆಂದರೆ ಅದರಡಿ ಕ್ರೆಡಿಟ್ ಕೊಳ್ಳುವ ಅಗತ್ಯವೂ ಇಲ್ಲ. ಕಾಯ್ದೆಯಿಂದ ಹುಟ್ಟಿದ ಮಾರುಕಟ್ಟೆ ಕಾಯ್ದೆ ಕುಗ್ಗಿದಷ್ಟೂ ಕುಗ್ಗುತ್ತದೆ.

ನಮ್ಮಲ್ಲಿ ಜೌಗಿನ ಬ್ಯಾಂಕುಗಳಿಲ್ಲ. ಆದರೆ ಕಡಿದ ಕಾಡಿಗೆ ಬದಲಾಗಿ ಬೇರೆಡೆ ನೆಡುತೋಪು ಬೆಳೆಸುವ ಪದ್ಧತಿ ಹಳೆಯದು, ಅದರ ನಿಧಿಗೆ 2016ರ ಕಾಯ್ದೆಯಿದೆ. 2023ರಲ್ಲಿ ಗ್ರೀನ್ ಕ್ರೆಡಿಟ್ ನಿಯಮಗಳೂ ಬಂದಿವೆ. ಒಂದು ದಿನ ಕೆರೆಯಂಗಳಕ್ಕೂ ಅಳಿವೆಗೂ ಕ್ರೆಡಿಟ್‌ನ ಮಾತು ಬಂದರೆ, ಅಮೆರಿಕದ ನಲವತ್ತು ವರ್ಷಗಳನ್ನು ಎದುರಿಗಿಟ್ಟುಕೊಂಡು ಎರಡು ಷರತ್ತು ಹಾಕೋಣ. ಹಾನಿಯನ್ನು ತಪ್ಪಿಸಲು ನಿಜವಾಗಿ ಪ್ರಯತ್ನಿಸಿದ್ದಕ್ಕೆ ಪುರಾವೆ ಕೊಡುವವರೆಗೆ ಕ್ರೆಡಿಟ್ ಮಾರುವಂತಿರಬಾರದು. ಪ್ರವಾಹ ತಡೆಯುವ ಜೌಗಿಗೆ ಬದಲಿ ಬೇಕಾದರೆ ಅದು ಅದೇ ಹಳ್ಳದ, ಅದೇ ಜನರ ಮೇಲುಗಡೆಯೇ ಇರಬೇಕು. ನೀರು ಕಾಗದದ ಲೆಕ್ಕವನ್ನು ಓದುವುದಿಲ್ಲ, ತಗ್ಗನ್ನೇ ಹುಡುಕಿಕೊಂಡು ಬರುತ್ತದೆ. ಆ ತಗ್ಗನ್ನು ಅದಕ್ಕೆ ಬಿಟ್ಟುಕೊಡುವುದು ಎಲ್ಲ ಪರಿಹಾರಗಳಿಗಿಂತ ಅಗ್ಗ.